ನಾಲ್ಕನೆಯ ಹಲ್ಲು

ದಸರೆ ಮುಗಿದ ಮೊದಲ ಗುರುವಾರ ಔರಾದಿನ ಹಲ್ಲಿನ ದವಾಖಾನೆಯ ಸಾಲು ಮೆಟ್ಟಿಲಿಳಿದು ಕೆಳಗಿನ ಬೀಜದಂಗಡಿಯ ಬಾಗಿಲು ಮುಟ್ಟಿತ್ತು. ಸಾಲಿನಲ್ಲಿ ನಿಂತವರಲ್ಲಿ ಅರ್ಧ ಮಂದಿಗೆ ಅಂದು ಹಲ್ಲು ನೋಯುತ್ತಲೇ ಇರಲಿಲ್ಲ. ಅವರನ್ನು ಕರೆತಂದವನು ಪಂಢರಿ ಮುಕಾದಮ, ಕಬ್ಬು ಕಡಿಯುವವರ ಟೋಳಿ ಕಟ್ಟಿಕೊಂಡು ಪ್ರತಿವರ್ಷ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಹೋಗುವವನು. ಹೊಲದ ನಡುವೆ ಹಲ್ಲುನೋವು ಎದ್ದರೆ ಎರಡು ದಿನದ ಕೆಲಸ ಕೆಡುತ್ತದೆ, ಸುತ್ತಮುತ್ತ ಡಾಕ್ಟರೂ ಸಿಗುವುದಿಲ್ಲ. ಹಾಗಾಗಿ ಹುಳುಕು ಕಂಡ ಹಲ್ಲನ್ನು ಹೊರಡುವ ಮುಂಚೆಯೇ ಕೀಳಿಸಿಬಿಡುವುದು ಅವನ ಟೋಳಿಯ ರಿವಾಜು. ಆ ವರ್ಷ, ೨೦೧೫ರಲ್ಲಿ, ಮಳೆ ಮತ್ತೆ ಕೈಕೊಟ್ಟಿತ್ತು. ಎಂದೂ ಊರು ಬಿಡದ ಮನೆಗಳವರೂ ಟೋಳಿ ಸೇರಿದ್ದರು. ಸಾಲೂ ಅಷ್ಟಕ್ಕೆ ತಕ್ಕಂತೆ ಬೆಳೆದಿತ್ತು.

ಕೀಳುವವನು ಡಾಕ್ಟರ್ ಗೋರಖನಾಥ. ಮೂವತ್ತೊಂದು ವರ್ಷದವನು, ಭಾತಂಬ್ರಾ ಕಡೆಯವನು. ದವಾಖಾನೆ ಅವನದಲ್ಲ, ಬೀದರದ ಹಿರಿಯ ದಂತವೈದ್ಯ ಡಾಕ್ಟರ್ ಶಿವರಾಜಪ್ಪನವರದು. ಅವರ ಪರವಾಗಿ ಗೋರಖನಾಥ ವಾರಕ್ಕೆ ಮೂರು ದಿನ ಭಾಲ್ಕಿಯಲ್ಲಿ, ಗುರುವಾರ ಔರಾದಿನಲ್ಲಿ ಕೂರುತ್ತಿದ್ದ. ಎರಡೂ ಕಡೆ ಅವನ ಜೊತೆಗಿರುವವಳು ಮುನ್ನಿಬೀ. ಹದಿನಾರು ವರ್ಷದಿಂದ ಆ ದವಾಖಾನೆಗಳ ಸಾಮಾನು ಕುದಿಸಿ, ಚೀಟಿ ಬರೆದು, ಹೆದರಿದವರ ಕೈ ಹಿಡಿದು ಕೂಡಿಸಿದ ಹೆಂಗಸು.

ಅಂದು ಹನ್ನೊಂದನೆಯವಳಾಗಿ ಕುರ್ಚಿಗೆ ಬಂದ ಶೇವಂತಾಬಾಯಿ ಇಕ್ಕಳ ಕಂಡದ್ದೇ ತಡ, ತೆರೆದ ಬಾಯಿಯನ್ನು ಮುಚ್ಚಿಬಿಟ್ಟಳು. ನಲವತ್ತರ ಆಸುಪಾಸಿನ ಗಟ್ಟಿ ಹೆಣ್ಣು.

“ಹೋದ ಮೂರು ಹಂಗಾಮಿಗಿ ಮೂರು ಹಲ್ಲು ಕೊಟ್ಟೇನಿ ಸಾಹೇಬ್ರ. ನಾ ಕಬ್ಬು ಕಡೀಲಿಕ್ಕಿ ಹೋಗ್ತೇನಿ, ಹಲ್ಲು ಕೊಡ್ಲಿಕ್ಕಲ್ಲ. ಇದು ಕೀಳಬ್ಯಾಡ್ರಿ.”

ಬಾಗಿಲಲ್ಲಿದ್ದ ಪಂಢರಿ ನಕ್ಕ. “ಇನ್ನೂ ಇಪ್ಪತ್ತೆಂಟು ಉಳೀತಾವಲ್ಲ ಶೇವಂತಾ, ಒಂದಕ್ಕ ಯಾಕ ಜೀವಾ ಮಾಡ್ತಿ?”

“ನಿಮ್ಮ ಬಾಯಾಗ ಮೂವತ್ತೆರಡು ಅವಲ್ರಿ ಮುಕಾದಮಾ. ಮೊದಲ ನೀವು ಒಂದು ಕೀಳಿಸ್ಕೋರಿ, ಆಮ್ಯಾಲ ನಾ ಕೂಡ್ತೇನಿ.”

ಸಾಲಿನಲ್ಲಿ ನಗೆ ಎದ್ದಿತು. ಗೋರಖನಾಥ ನಗಲಿಲ್ಲ. ಕನ್ನಡಿ ಹಿಡಿದು ಕೆಳಗಿನ ಬಲಗಡೆಯ ದವಡೆ ಹಲ್ಲನ್ನು ನೋಡಿದ. ಎಡಗಡೆ ಅಗಿಯಲು ಜೋಡಿ ಹಲ್ಲು ಉಳಿದಿರಲಿಲ್ಲ. ರೊಟ್ಟಿ ಅರೆಯುವುದೆಲ್ಲ ಇದೊಂದರ ಮೇಲೆ. ತೂತು ದೊಡ್ಡದು, ಆದರೆ ನರಕ್ಕೆ ಮುಟ್ಟಿರಲಿಲ್ಲ. ತಣ್ಣೀರು ತಾಗಿಸಿದರೆ ಚುರುಕ್ಕೆಂದ ನೋವು ಮರುಕ್ಷಣವೇ ನಿಂತಿತು. ಉಳಿಸಬಹುದಾದ ಹಲ್ಲು ಅದು.

ತೂತಿಗೆ ಬೆಳ್ಳಿಯ ಮಿಶ್ರಣ ತುಂಬಬಹುದಿತ್ತು. ಆದರೆ ಬೆಳ್ಳಿ ಹಲ್ಲಿಗೆ ಅಂಟುವುದಿಲ್ಲ, ಗೂಟದ ಹಾಗೆ ಸಿಕ್ಕಿಕೊಂಡು ಕೂರುತ್ತದೆ. ಅದಕ್ಕಾಗಿ ಇನ್ನಷ್ಟು ಕೊರೆಯಬೇಕು. ಈ ಹಲ್ಲಿನ ನಾಲಿಗೆ ಕಡೆಯ ಗೋಡೆ ಆಗಲೇ ತೆಳುವಾಗಿತ್ತು, ಜೋಳದಲ್ಲಿ ಒಂದು ಕಲ್ಲು ಸಿಕ್ಕರೆ ಸಿಡಿದುಹೋಗುತ್ತಿತ್ತು. ಹಲ್ಲಿನ ಬಣ್ಣದ ಕಂಪೋಸಿಟ್, ಜನ ಬಿಳಿ ಸಿಮೆಂಟ್ ಎನ್ನುವುದು, ಗೋಡೆಗೆ ಅಂಟಿಕೊಂಡು ಅದನ್ನೂ ಹಿಡಿದು ನಿಲ್ಲಿಸುತ್ತದೆ. ಟೋಳಿ ಹೊರಡಲು ಹತ್ತು ದಿನವಿತ್ತು. ಬಿಳಿಯದನ್ನು ತುಂಬುವ ಸಾಮಾನೆಲ್ಲ ಭಾಲ್ಕಿಯಲ್ಲಿತ್ತು, ಸೋಮವಾರ ಅಲ್ಲಿಗೆ ಬರಲು ಅವಳಿಗೆ ಹೇಳಿದ.

ವಿಷಯ ಶಿವರಾಜಪ್ಪನವರಿಗೆ ಅಂದೇ ಮುಟ್ಟಿತು. ಅವರು ಕೆಟ್ಟವರಲ್ಲ. ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ ಕೈ. ತಾವೂ ಒಂದು ಕಾಲಕ್ಕೆ ಹಿಂದಿನ ಹಲ್ಲಿಗೆ ಬಿಳಿಯದನ್ನು ತುಂಬಿ, ಅವು ಉದುರಿ, ಮಾತು ಕೇಳಿದವರು. ಮುಂದಿನ ಹಲ್ಲಿಗೆ ಬಿಳಿ, ಹಿಂದಿನದಕ್ಕೆ ಬೆಳ್ಳಿ ಇಲ್ಲವೆ ಇಕ್ಕಳ ಎನ್ನುವುದು ಅವರ ಸೂತ್ರ. ಗೋರಖನಾಥ ಹಿಂದಿನ ಹಲ್ಲಿಗೆ ತುಂಬಿದ್ದರಲ್ಲಿ ಭಾಲ್ಕಿ ಪೇಟೆಯವರವು ಮೂರು ವರ್ಷವಾದರೂ ನಿಂತಿದ್ದವು. ಆದರೆ ಆ ಬೇಸಿಗೆಯಲ್ಲಿ ಹಳ್ಳಿಯ ಇಬ್ಬರು ಹೆಂಗಸರವು ವಾರದೊಳಗೆ ಬಿದ್ದಿದ್ದವು. ಶಿವರಾಜಪ್ಪ ಆ ಎರಡನ್ನೇ ಹಿಡಿದುಕೊಂಡರು. ಒಂದು ಹಲ್ಲಿಗೆ ಒಂದು ತಾಸು ಕೂಡುವುದು ಕಾಯಕವಲ್ಲ, ಹಟ ಎಂದರು. ಮೂರನೆಯದು ಬಿದ್ದರೆ ಅವನು ಹಿಂದಿನ ಹಲ್ಲಿಗೆ ಬಿಳಿಯದನ್ನು ಮುಟ್ಟಕೂಡದು ಎಂದೂ ಹೇಳಿದರು. ಗೋರಖನಾಥ ಒಪ್ಪಿದ.

ಸೋಮವಾರ ಭಾಲ್ಕಿಯಲ್ಲಿ ಟ್ಯಾಂಕರಿನ ನೀರು ಬಂದಿರಲಿಲ್ಲ. ಕುರ್ಚಿಯ ಬಾಟಲಿಗೆ ಮುನ್ನಿಬೀ ಮನೆಯಿಂದ ಕ್ಯಾನು ತಂದು ಸುರಿದಳು. ಊರೆಲ್ಲ ಒಣಗಿದ್ದರೂ ಅವನ ಕೆಲಸಕ್ಕೆ ಅಡ್ಡ ಬರುವುದು ಬಾಯೊಳಗಿನ ತೇವ. ಹಲ್ಲೊಂದನ್ನೇ ಹೊರಗೆ ಎಳೆದುಕೊಳ್ಳುವಂತೆ ತೆಳು ರಬ್ಬರ್ ಹಾಳೆಗೆ ತೂತು ಹಾಕಿ, ಚಿಮಟದಿಂದ ಕಚ್ಚಿಸಿ, ಉಳಿದ ಬಾಯನ್ನೆಲ್ಲ ಮರೆಮಾಡಿದ. ಹುಳುಕನ್ನು ಕೆರೆದ. ಪಕ್ಕದ ಹಲ್ಲಿಗೆ ಅಂಟಿಕೊಳ್ಳದಂತೆ ಸ್ಟೀಲಿನ ಪಟ್ಟಿ ಸುತ್ತಿ, ಬುಡದಲ್ಲಿ ಮರದ ಸಣ್ಣ ಬೆಣೆ ಬಡಿದು, ಪಟ್ಟಿ ಜಾರದಂತೆ ಮೇಲೆ ರಿಂಗು ಕೂರಿಸಿದ. ಆಸಿಡ್ ಜೆಲ್ ಹಚ್ಚಿ, ತೊಳೆದು, ಒರೆಸಿ, ಅಂಟುದ್ರವ ತಿಕ್ಕಿದ. ಆಮೇಲೆ ಕಂಪೋಸಿಟ್. ಒಂದು ಪದರ ಎರಡು ಮಿಲಿಮೀಟರಿಗಿಂತ ದಪ್ಪವಿರಬಾರದು. ಓರೆಯಾಗಿ, ಒಮ್ಮೆಗೆ ಒಂದೇ ಗೋಡೆಗೆ ತಾಗಬೇಕು. ಎರಡೂ ಗೋಡೆಗೆ ಒಟ್ಟಿಗೆ ತಾಗಿದರೆ ಗಟ್ಟಿಯಾಗುವಾಗ ಅದು ಕುಗ್ಗಿ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ, ಬಿರುಕು ಬಿಡುತ್ತದೆ. ಪ್ರತಿ ಪದರವನ್ನೂ ಗಟ್ಟಿಯಾಗಿಸಲು ಕೈಯಲ್ಲಿ ಹಿಡಿಯುವ ಗನ್ನಿನ ನೀಲಿ ಬೆಳಕು, ಗಡಿಯಾರ ನೋಡಿ. ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಶೇವಂತಾಬಾಯಿ ಒಮ್ಮೆಯೂ ಕೈ ಅಲುಗಿಸಲಿಲ್ಲ.

ಗುರುವಾರ ಔರಾದಿನ ಮೆಟ್ಟಿಲ ಮೇಲೆ ಶೇವಂತಾಬಾಯಿ ಕಾದಿದ್ದಳು. ಸೆರಗಿನ ಗಂಟು ಬಿಚ್ಚಿ ಅವನ ಅಂಗೈಗೆ ಬಿಳಿ ತುಂಡೊಂದನ್ನು ಹಾಕಿದಳು. ಮೂರನೆಯದೂ ಬಿದ್ದಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ಭಾನುವಾರ ಮುಂಜಾನಿ ಗಾಡಿ ಬಿಡ್ತದ. ಮುಕಾದಮ ಇವತ್ತೇ ಕೀಳಿಸಂತಾನ. ನೀವೇನಂತೀರಿ?” ಎಂದಷ್ಟೇ ಕೇಳಿದಳು.

ಫೋನಿನಲ್ಲಿ ಶಿವರಾಜಪ್ಪನವರ ಮಾತು ಅದಕ್ಕಿಂತ ಚಿಕ್ಕದಿತ್ತು. “ಸಾಕು. ಕಿತ್ತು ಕಳಸು. ಸೋಮವಾರ ಗನ್ನು ಬೀದರಕ್ಕ ತಂದಿಡು.”

ಗೋರಖನಾಥ ಕೀಳಲಿಲ್ಲ. ತೂತಿಗೆ ತಾತ್ಕಾಲಿಕ ಮುಚ್ಚಳ ಹಾಕಿ, ಭಾನುವಾರ ಏಳಕ್ಕೆ ಇಲ್ಲೇ ಬಾ ಎಂದ. ಏನು ಮಾಡುತ್ತೇನೆಂದು ಅವನಿಗೇ ತಿಳಿದಿರಲಿಲ್ಲ. ಯಾಕೆ ಬಿತ್ತೆಂಬುದು ತಿಳಿಯದೆ ಮತ್ತೆ ತುಂಬುವುದು ಮೋಸ, ತಿಳಿಯದೆ ಕೀಳುವುದೂ ಮೋಸ ಎಂಬುದಷ್ಟೇ ಗೊತ್ತಿತ್ತು.

ಭಾಲ್ಕಿಯ ತನ್ನ ಕೋಣೆಗೆ ಬಂದು ತುಂಡನ್ನು ಭೂತಗನ್ನಡಿಯ ಕೆಳಗಿಟ್ಟ. ಮೇಲ್ಮೈಗೆ ಸೂಜಿ ಎಳೆದರೂ ಗೀರು ಬೀಳಲಿಲ್ಲ. ತಿರುಗಿಸಿ ತಳ ನೋಡಿದ. ಉಗುರಿಗೇ ಗೀರು ಬಿತ್ತು. ತಳ ಗಟ್ಟಿಯಾಗಿಯೇ ಇರಲಿಲ್ಲ, ಹಳೆಯ ರಬ್ಬರಿನ ಹಾಗಿತ್ತು. ಬೆಳಕು ಸಾಲದೆ ಹೋಯಿತೆ? ಎರಡು ಮಿಲಿಮೀಟರ್ ದಪ್ಪದ ಕಬ್ಬಿಣದ ಬಿಲ್ಲೆಯ ತೂತಿಗೆ ಅದೇ ಕಂಪೋಸಿಟ್ ಒತ್ತಿ, ಅದೇ ಗನ್ನು ಹಿಡಿದು, ತಳ ಕೆರೆದು ನೋಡಿದ. ಕಲ್ಲಿನಂತಿತ್ತು. ಗನ್ನಿನದೂ ತಪ್ಪಲ್ಲ, ಮಾಲಿನದೂ ಅಲ್ಲ. ರಬ್ಬರ್ ಹಾಳೆ ಸೋರಿರಲಿಲ್ಲ, ಅದನ್ನು ಅವನೇ ಎರಡು ಸಲ ನೋಡಿದ್ದ. ಹಾಗಾದರೆ ಏನೋ ಹಲ್ಲಿನೊಳಗೇ ಇತ್ತು.

ಶುಕ್ರವಾರ ಮಧ್ಯಾಹ್ನ ಭಾತಂಬ್ರಾದ ಬಸ್ಸು ಹತ್ತಿದ. ಬೇಸಿಗೆಯಲ್ಲಿ ಮೊದಲು ಬಿದ್ದದ್ದು ಅಲ್ಲಿನ ಸುಂದರಬಾಯಿ ಎಂಬ ಮುದುಕಿಯದು. ಡಾಕ್ಟರೇ ಮನೆಗೆ ಬಂದದ್ದಕ್ಕೆ ಗಾಬರಿಯಾದ ಆಕೆ, ಮೊದಲು ಚಹಾ ಕುಡಿಸಿಯೇ ಮಾತಿಗೆ ಕೂತಳು. ಅಂದು ಬೆಳಗ್ಗೆ ಏನು ತಿಂದಿರಿ, ಹಲ್ಲಿಗೆ ಏನು ತಿಕ್ಕಿದಿರಿ ಎಂದು ಒಂದೊಂದಾಗಿ ಕೇಳಿದ. ಮಶೇರಿ, ಎಂದಿನ ಹಾಗೆ. ಹುರಿದ ತಂಬಾಕಿನ ಪುಡಿ ಇಲ್ಲದೆ ಆ ಕಡೆಯ ಹೆಂಗಸರಿಗೆ ಬೆಳಗಾಗುವುದಿಲ್ಲ. ಆದರೆ ಮಶೇರಿ ತಳವನ್ನು ಮೆತ್ತಗೆ ಮಾಡುವುದಿಲ್ಲ. ಮತ್ತೇನು?

“ಮತ್ತೇನಿಲ್ಲಪ್ಪಾ. ಒಳಗ ಬರೂಮುಂದ ನಿಮ್ಮ ಮುನ್ನಿಬೀನೇ ಲವಂಗದ ಎಣ್ಣಿ ಹತ್ತಿ ಹಲ್ಲಿನಾಗ ಇಟ್ಟಿದ್ಳು. ಒಳ್ಳೆ ಹೆಣ್ಣುಮಗಳು. ಬಾಯಿಗಿ ವಾಸನಿ ಇರಬಾರದಂತ.”

ಕೈಯಲ್ಲಿದ್ದ ಕಪ್ಪನ್ನು ಗೋರಖನಾಥ ಕೆಳಗಿಟ್ಟ. ಕಾಲೇಜಿನ ಎರಡನೆಯ ವರ್ಷದ ಪಾಠ ಅದು. ಲವಂಗದ ಎಣ್ಣೆಯ ಸಾರ ಇದ್ದಲ್ಲಿ ಕಂಪೋಸಿಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೇ ಅವನು ಲವಂಗದೆಣ್ಣೆಯ ಸಿಮೆಂಟನ್ನು ಬಿಳಿಯದರ ಕೆಳಗೆ ಎಂದೂ ಇಡುತ್ತಿರಲಿಲ್ಲ. ಆದರೆ ದವಾಖಾನೆಯೇ ಲವಂಗದ ವಾಸನೆಯದು. ರೋಗಿಯ ಬಾಯಿಂದ ಅದು ಬಂದರೂ ಅವನ ಮೂಗಿಗೆ ಬೇರೆಯಾಗಿ ತಿಳಿದಿರಲಿಲ್ಲ. ಮತ್ತು ಹಲ್ಲಿನ ಬಗೆಗೆ ನೂರು ಪ್ರಶ್ನೆ ಕೇಳುವ ಅವನು ಹೊರಗಿನ ಬೆಂಚಿನ ಮೇಲೆ ಏನು ನಡೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ದವಾಖಾನೆಯಲ್ಲಿ ಮುನ್ನಿಬೀಯನ್ನು ಕೂಡಿಸಿ ಕೇಳಿದ. ಅವಳು ಮುಚ್ಚಿಡಲಿಲ್ಲ, ಸೋಮವಾರ ಶೇವಂತಾಬಾಯಿಗೂ ಇಟ್ಟಿದ್ದೆ ಎಂದಳು. ಅವಳು ಕೆಲಸಕ್ಕೆ ಸೇರಿದ ವರ್ಷ ಹಳ್ಳಿಯ ಮುದುಕಿಯೊಬ್ಬಳು ಬಾಯಿ ತೆರೆದಾಗ ಶಿವರಾಜಪ್ಪ ಮುಖ ತಿರುಗಿಸಿ, ತೊಳೆದುಕೊಂಡು ಬಾ ಎಂದು ಎಬ್ಬಿಸಿ ಕಳಿಸಿದ್ದರು. ಹೊರಗೆ ಹೋದ ಮುದುಕಿ ತಿರುಗಿ ಬರಲೇ ಇಲ್ಲ. ಅಂದಿನಿಂದ ಮಶೇರಿ ತಿಕ್ಕಿದ ಬಾಯಿ ಕಂಡರೆ ಮುನ್ನಿಬೀ ಬೆಂಚಿನ ಮೇಲೇ ಹತ್ತಿ ಇಡುತ್ತಾಳೆ, ಒಳಗೆ ಕರೆಯುವಾಗ ತೆಗೆದು ಬಿಸಾಡುತ್ತಾಳೆ. ಪೇಟೆಯವರು ಪೇಸ್ಟು ಹಚ್ಚಿ ತಿಕ್ಕಿಕೊಂಡು ಬರುತ್ತಾರೆ, ಅವರಿಗೆ ಬೇಕಾಗುವುದಿಲ್ಲ.

ಹಾಗಾದರೆ ಅವನು ತುಂಬಿ ಬಿದ್ದುಹೋದ ಮೂರೂ ಮಾನ ಉಳಿಸಿಕೊಂಡು ಒಳಗೆ ಬಂದವರವು.

“ನನಗ ಯಾಕ ಹೇಳಲಿಲ್ಲ ಆಪಾ?”

“ನೀವು ಯಾವಾಗ ಕೇಳೀರಿ ಡಾಕ್ಟರಸಾಬ್?” ಎಂದಳು ಮುನ್ನಿಬೀ. “ಹದಿನಾರು ವರ್ಷ ಆಯ್ತು. ನನ್ನ ಬೆಂಚಿನ ಮ್ಯಾಲ ಕೂತೋರು ಯಾರೂ ಅತ್ಕೋತ ಎದ್ದು ಹೋಗಿಲ್ಲ. ಅದರಾಗ ನಂದೇನು ತಪ್ಪದ?”

ಇನ್ನು ಮೇಲೆ ಹತ್ತಿ ಇಡಬೇಡ, ಬಾಯಿ ಹೇಗಿದೆಯೋ ಹಾಗೇ ಒಳಗೆ ಕಳಿಸು, ನಾನು ಮುಖ ತಿರುಗಿಸಿದರೆ ಆ ತಪ್ಪು ನನ್ನದು ಎಂದ ಗೋರಖನಾಥ. ಮುನ್ನಿಬೀ ಅದನ್ನು ಅಳೆಯುವವಳಂತೆ ಅವನನ್ನೇ ನೋಡಿದಳು.

ಪುಸ್ತಕದ ಪ್ರಕಾರ ಲವಂಗ ತಾಗಿದ ಹಲ್ಲನ್ನು ಒಂದೆರಡು ವಾರ ಬಿಡಬೇಕು. ಅವನ ಬಳಿ ಇದ್ದದ್ದು ಒಂದು ದಿನ. ದವಾಖಾನೆಯಲ್ಲಿ ಕಿತ್ತ ಹಲ್ಲುಗಳನ್ನು ಕಾಲೇಜಿನ ಹುಡುಗರ ಅಭ್ಯಾಸಕ್ಕೆಂದು ಬಾಟಲಿಯಲ್ಲಿ ಕೂಡಿಡುವುದಿತ್ತು. ಆ ವಾರದ ಬಾಟಲಿ ತುಂಬಿತ್ತು. ಪಂಢರಿಯ ಟೋಳಿಯ ಹಲ್ಲುಗಳು. ಶುಕ್ರವಾರ ಸಂಜೆಯೇ ನಾಲ್ಕನ್ನು ಆರಿಸಿ, ಕೊರೆದು, ಎಣ್ಣೆಯ ಹತ್ತಿ ಇಟ್ಟ. ಶನಿವಾರ ಎರಡನ್ನು ಎಂದಿನಂತೆ ತೊಳೆದು ತುಂಬಿದ. ಇನ್ನೆರಡರಲ್ಲಿ ಒಳಗೋಡೆಯ ಮೇಲ್ಪದರವನ್ನು ಸಣ್ಣಗೆ ಕೆರೆದು ತೆಗೆದು, ಪ್ಯೂಮಿಸ್ ಪುಡಿಯಿಂದ ಉಜ್ಜಿ, ಆಸಿಡ್ ಹಚ್ಚಿ, ಆಳದ ತಳಕ್ಕೆ ತಾನೇ ಗಟ್ಟಿಯಾಗುವ ಗಾಜಿನ ಪುಡಿಯ ಸಿಮೆಂಟು ಹಾಸಿ, ಮೇಲೆ ಕಂಪೋಸಿಟ್ ಕಟ್ಟಿದ. ಸಂಜೆ ಆ ನಾಲ್ಕೂ ಹಲ್ಲನ್ನು ಇಕ್ಕಳಕ್ಕೆ ಸಿಕ್ಕಿಸಿ, ತುಂಬಿದ್ದನ್ನು ಬದಿಯಿಂದ ತಳ್ಳಿದ. ಮೊದಲ ಎರಡರಲ್ಲಿ ತುಂಬಿದ್ದು ಮುಚ್ಚಳದ ಹಾಗೆ ಹಾರಿತು. ಇನ್ನೆರಡರಲ್ಲಿ ಹಲ್ಲೇ ಸೀಳಿತು, ತುಂಬಿದ್ದು ಬಿಡಲಿಲ್ಲ.

ನಾಲ್ಕು ಹಲ್ಲಿನಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಭಾನುವಾರಕ್ಕೆ ಅಷ್ಟು ಸಾಕಿತ್ತು. ಭಾನುವಾರ ನಸುಕಿನಲ್ಲಿ ಗನ್ನನ್ನೂ ಉಳಿದ ಸಾಮಾನನ್ನೂ ಚೀಲಕ್ಕೆ ಹಾಕಿಕೊಂಡ. ರಜೆಯ ದಿನ ಯಾರೂ ಕರೆಯದೆ ಮುನ್ನಿಬೀ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದಳು.

ಔರಾದಿನಲ್ಲಿ ಶೇವಂತಾಬಾಯಿ ಗಂಡ ಮಚ್ಛೇಂದ್ರನೊಡನೆ ಬಂದಿದ್ದಳು. ಗೋರಖನಾಥ ಕೂಡಿಸುವ ಮುಂಚೆ ನಡೆದದ್ದನ್ನೆಲ್ಲ ಹೇಳಿದ. ತಪ್ಪು ನನ್ನದು, ಕೇಳಬೇಕಿತ್ತು, ಕೇಳಲಿಲ್ಲ ಎಂದ. ಈ ಸಲ ನಿಲ್ಲುತ್ತದೆಂದು ಅನಿಸುತ್ತದೆ, ಖಾತ್ರಿ ಕೊಡಲಾರೆ ಎಂದ.

“ಇಕ್ಕಳದ್ದು ಖಾತ್ರಿ ಅದ,” ಎಂದಳು ಶೇವಂತಾಬಾಯಿ. “ಅದಂತೂ ಬ್ಯಾಡ. ತುಂಬ್ರಿ.”

ರಬ್ಬರ್ ಹಾಳೆ ಕಟ್ಟಿದ. ಗೋಡೆ ಕೆರೆದು ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ಕೊರೆಯುವ ಕೆಲಸ ಮುಗಿದಿತ್ತು, ಗನ್ನು ಬ್ಯಾಟರಿಯದು. ಉಗುಳು ಎಳೆಯುವ ಯಂತ್ರ ನಿಂತದ್ದಕ್ಕೆ ಮುನ್ನಿಬೀ ದೊಡ್ಡ ಸಿರಿಂಜು ಹಿಡಿದಳು. ಹಲ್ಲು ಒಣಗಿಸಲು ರಬ್ಬರ್ ಚೆಂಡು ಒತ್ತಿ ಗಾಳಿ ಊದಿದಳು. ಮೊಬೈಲಿನ ಟಾರ್ಚು ಹಚ್ಚಲು ಬಂದಾಗ ಮಾತ್ರ ಅವನು ಅವಳ ಕೈ ಸರಿಸಿದ. ಆ ಬೆಳಕಿಗೆ ಕಂಪೋಸಿಟ್ ಬೇಡದ ಹೊತ್ತಿಗೆ ಗಟ್ಟಿಯಾಗುತ್ತದೆ. ಕಿಟಕಿಯ ಬೆಳಕೇ ಸಾಕೆಂದು ಕುರ್ಚಿ ತಿರುಗಿಸಿಕೊಂಡ.

ಮೂರನೆಯ ಪದರಕ್ಕೆ ಪಂಢರಿ ಮೆಟ್ಟಿಲು ಹತ್ತಿ ಬಂದ. ಹದಿನೆಂಟರಲ್ಲಿ ಹದಿನೇಳು ಕೊಯ್ತಾ ಗಾಡಿಯಲ್ಲಿ ಕೂತಾಗಿದೆ, ಬಿಸಿಲೇರುತ್ತಿದೆ ಎಂದು ಕೂಗಾಡಿದ. ಇನ್ನೂ ಇಪ್ಪತ್ತು ನಿಮಿಷ ಎಂದ ಗೋರಖನಾಥ, ಕಣ್ಣೆತ್ತದೆ.

“ಹಿಂದಿನ ಹಲ್ಲಿಗಿ ಇಷ್ಟು ಶೃಂಗಾರ? ಯಾರು ನೋಡ್ಬೇಕದನ್ನ? ಏಳು ಶೇವಂತಾ, ಇಲ್ಲಂದ್ರ ಬಿಟ್ಟು ಹೋಗ್ತೇನಿ.”

ರಬ್ಬರ್ ಹಾಳೆಯ ಕೆಳಗೆ ಅವಳಿಗೆ ಮಾತು ಸಾಧ್ಯವಿರಲಿಲ್ಲ. ತಲೆ ಅಲುಗಿಸದೆ ಎಡಗೈ ಎತ್ತಿ, ಒಂದೇ ಬೆರಳಿನಿಂದ ಅವನಿಗೆ ಬಾಗಿಲು ತೋರಿಸಿದಳು.

ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಚ್ಛೇಂದ್ರ ಕೂತಲ್ಲಿಂದಲೇ ತಲೆಯೆತ್ತಿದ. “ಕೊಯ್ತಾ ಅಂದ್ರ ಗಂಡಾ ಹೆಂಡ್ತಿ ಇಬ್ರು ಮುಕಾದಮಾ. ನೀವೇ ಹಾಂಗ ಎಣಿಸ್ತೀರಿ. ಆಕಿ ಏಳದ ನಾ ಏಳೂದಿಲ್ಲ. ಹದಿನೇಳು ತಗೊಂಡು ಹೋಗ್ರಿ,” ಎಂದ.

ಹದಿನೇಳು ಒಯ್ದರೆ ಕಾರ್ಖಾನೆಯಲ್ಲಿ ಉತ್ತರ ಹೇಳಬೇಕಾದವನು ಪಂಢರಿ. ಅವನು ಮೆಟ್ಟಿಲ ಮೇಲೆ ಹೋಗಿ ಕೂತ. ಗೋರಖನಾಥ ಕೊನೆಯ ಪದರವನ್ನು ಅವಸರಿಸದೆ ಕಟ್ಟಿದ, ಹಲ್ಲಿಗಿದ್ದ ಏರುತಗ್ಗುಗಳನ್ನು ಅದರಲ್ಲೇ ಕೆತ್ತಿದ. ಹಾಳೆ ತೆಗೆದು ನೀಲಿ ಕಾಗದ ಕಚ್ಚಿಸಿದ. ಬೇರೆಡೆಗಿಂತ ಎತ್ತರವಾಗಿ ಗುರುತು ಬಿದ್ದಲ್ಲಿ ಸಣ್ಣ ಅರ ಹಿಡಿದು ಕೈಯಿಂದಲೇ ಸವೆಸಿದ, ಮತ್ತೆ ಕಚ್ಚಿಸಿದ. ಇಪ್ಪತ್ತಲ್ಲ, ಮೂವತ್ತೈದು ನಿಮಿಷವಾಯಿತು.

ಸೋಮವಾರ ಬೀದರಕ್ಕೆ ಹೋಗಿ ಶಿವರಾಜಪ್ಪನವರ ಮೇಜಿನ ಮೇಲೆ ಗನ್ನಿಟ್ಟು, ನಿನ್ನೆ ಇದನ್ನು ಬಳಸಿದೆನೆಂದ. ಹತ್ತಿಯ ಸಂಗತಿಯನ್ನೂ, ಅದು ಎಲ್ಲಿಂದ ಶುರುವಾಯಿತೆಂಬುದನ್ನೂ ಹೇಳಿದ. ಅವರ ವಿಭೂತಿಯ ಹಣೆ ಒಮ್ಮೆ ಸುಕ್ಕಾಯಿತು. ಅಂದು ಎದ್ದುಹೋದ ಮುದುಕಿ ಅವರಿಗೆ ನೆನಪಿದ್ದಳೋ ಇಲ್ಲವೋ, ಆ ಮಾತಿಗೆ ಅವರು ಬರಲಿಲ್ಲ. ಹೇಳಿದ್ದನ್ನು ಮೀರಿದವನಿಗೆ ತಮ್ಮಲ್ಲಿ ಜಾಗವಿದೆಯೇ ಎಂದು ಯೋಚಿಸಬೇಕು ಎಂದರು.

“ಯೋಚನಿ ಮಾಡ್ರಿ ಸರ್. ಗನ್ನು ನಿಮ್ಮ ಕಡಿನೇ ಇರಲಿ. ಹಂಗಾಮು ಮುಗಿದ ಮ್ಯಾಲ ಆ ಹಲ್ಲು ನಿಮಗ ತೋರಿಸಿ ಗನ್ನು ಒಯ್ತೇನಿ. ತೋರಿಸ್ಲಿಕ್ಕಿ ಆಗದಿದ್ರ ನಾನೇ ಹೋಗ್ತೇನಿ.”

ಐದು ತಿಂಗಳು ಅವನು ಭಾಲ್ಕಿಯಲ್ಲಿ ಬೆಳ್ಳಿ ತುಂಬಿದ, ಕೀಳಲೇಬೇಕಾದ್ದನ್ನು ಕಿತ್ತ. ಮುನ್ನಿಬೀಯ ಬೆಂಚಿನಿಂದ ಬಾಯಿಗಳು ಇದ್ದ ಹಾಗೇ ಬಂದವು. ಮೊದಲ ವಾರ ಅವನಿಗೂ ಉಸಿರು ಬಿಗಿಹಿಡಿಯಬೇಕಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಆ ಸಲ ಕಬ್ಬು ಕಡಿಮೆ, ಹಂಗಾಮು ಬೇಗ ಮುಗಿಯಿತು. ಯುಗಾದಿ ಕಳೆದ ವಾರ, ಲಾತೂರಿಗೆ ರೈಲಿನಲ್ಲಿ ನೀರು ತರಿಸುತ್ತಿದ್ದಾರೆಂಬ ಸುದ್ದಿ ಎಲ್ಲರ ಬಾಯಲ್ಲಿದ್ದಾಗ, ಶೇವಂತಾಬಾಯಿ ಬಿಸಿಲಿಗೆ ಕಪ್ಪಗಾಗಿ ಬೀದರದ ದವಾಖಾನೆಗೆ ಬಂದಳು. ಗೋರಖನಾಥ ಅವಳ ಬಾಯನ್ನು ತಾನು ಮೊದಲು ನೋಡಲಿಲ್ಲ. ನೇರವಾಗಿ ಶಿವರಾಜಪ್ಪನವರ ಕುರ್ಚಿಗೆ ಕೂಡಿಸಿದ.

ಹಿರಿಯರು ಕನ್ನಡಕ ಬದಲಿಸಿಕೊಂಡರು. ಮಶೇರಿಯ ಬಾಯಿ ತೆರೆಯಿತು. ಅವರ ಮುಖ ಅಲ್ಲೇ ಇತ್ತು, ತಿರುಗಲಿಲ್ಲ. ಮೊನೆಯ ಕಡ್ಡಿಯನ್ನು ತುಂಬಿದ್ದರ ಅಂಚಿನ ಸುತ್ತಲೂ ಎಳೆದರು. ಸಂದು ಬಿಟ್ಟಿದ್ದರೆ ಕಡ್ಡಿ ಎಲ್ಲಾದರೂ ಸಿಕ್ಕಬೇಕು, ಸಿಕ್ಕಲಿಲ್ಲ. ಹಲ್ಲುಗಳ ಸಂದಿಗೆ ದಾರ ಇಳಿಸಿ ಎಳೆದರು. ತೆಳು ಗೋಡೆಯನ್ನು ಬೆರಳಿಂದ ಒತ್ತಿದರು. ಒಂದು ಕಡೆ ಕಂದು ಗೆರೆ ಕಂಡಿತು. ಕೆರೆದರೆ ಅಳಿಸಿಹೋಯಿತು, ಬರೀ ತಂಬಾಕಿನ ಕರೆ. ಐದು ನಿಮಿಷ ಹುಡುಕಿದ ಮೇಲೆ ಕಡ್ಡಿ ಕೆಳಗಿಟ್ಟರು.

“ಐದು ತಿಂಗಳು ಏನು ಮಹಾ? ಐದು ವರ್ಷ ನಿಂತ್ರ ಆಗ ಮಾತಾಡು,” ಎಂದರು ಗೋರಖನಾಥನಿಗೆ.

ಅವನು ಉತ್ತರಿಸುವ ಮುಂಚೆ ಶೇವಂತಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಕೂತಳು. “ಐದು ವರ್ಷನೂ ಬರ್ತೇನಿ ಡಾಕ್ಟರ್ರ. ಹೋಗೂಮುಂದ ಒಮ್ಮಿ, ಬಂದ ಮ್ಯಾಲ ಒಮ್ಮಿ. ಪ್ರತಿ ಸಲ ಬಾಯಿ ತೆಗೀತೇನಿ. ನೀವೇ ನೋಡಬೇಕು, ಬ್ಯಾರೆ ಯಾರೂ ಅಲ್ಲ.”

ಶಿವರಾಜಪ್ಪ ಬಹಳ ಹೊತ್ತು ಕೈ ತೊಳೆದರು. ಆಮೇಲೆ ಕೀಲಿ ತೆಗೆದು ಮೇಜಿನ ಖಾನೆ ಎಳೆದರು. ಗೋರಖನಾಥ ಅದರೊಳಗಿದ್ದ ಗನ್ನು ಎತ್ತಿಕೊಂಡು ಒತ್ತಿ ನೋಡಿದ. ಬ್ಯಾಟರಿ ಪೂರಾ ಇಳಿದಿತ್ತು. ಅದನ್ನು ಅವರ ಮೇಜಿನ ಪ್ಲಗ್ಗಿಗೇ ಹಚ್ಚಿ, ಬಾ ಅಕ್ಕಾ, ಸರ್ ನೋಡುವಾಗ ಮೇಲಿನ ಸಾಲಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು, ಅದು ಬೆಳೆಯುವ ಮೊದಲೇ ನೋಡಿಬಿಡೋಣ ಎಂದು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ.